ಅಂಕಲಗಿಗೆ ಹೋದ ನನ್ನ ಜಾಗ

ಮಕ್ಕಳೇ, ಜಾಗ ಕೊಳ್ಳುವುದು, ಮನೆ ಕಟ್ಟಿ ಬಾಡಿಗೆಗೆ ಕೊಡುವುದು ನಿಮ್ಮ ಕಾಲದವರು ಕಂಡುಹಿಡಿದ ವಿದ್ಯೆ ಎಂದು ನೀವು ತಿಳಿದುಕೊಂಡ ಹಾಗಿದೆ. ಮೊನ್ನೆ ಕಟ್ಟೆಯ ಮೇಲೆ ಕುಳಿತು ಎಲ್ಲರೂ ಅದೇ ಮಾತು ಆಡುತ್ತಿದ್ದಿರಿ. "ಆಯಿಗೆ ಇದೆಲ್ಲಾ ಏನ್ ತಿಳೀತೈತಿ?" ಎಂದು ನಿಮ್ಮಲ್ಲೊಬ್ಬರು ಅಂದದ್ದು ಒಳಗೆ ಅವರೆಕಾಯಿ ಸುಲಿಯುತ್ತಿದ್ದ ನನ್ನ ಕಿವಿಗೆ ಬಿತ್ತು. ಎದುರಿಗೆ ಬಂದು ಮಾತಿಗೆ ಮಾತು ಕೊಡುವವಳು ನಾನಲ್ಲ. ಅದಕ್ಕೇ ಬರೆದು ಕೊಡುತ್ತಿದ್ದೇನೆ. ಓದಿಕೊಳ್ಳಿ.

ಈ ಮನೆತನದಲ್ಲಿ ಹೆಣ್ಣುಮಗಳೊಬ್ಬಳ ಹೆಸರಿನಲ್ಲಿ ಮೊಟ್ಟಮೊದಲು ಜಾಗ ಖರೀದಿಯಾಯಿತಲ್ಲ, ಆ ಹೆಣ್ಣುಮಗಳು ನಾನೇ, ಗಂಗವ್ವ. ಆಗ ನನಗೆ ಹದಿನೆಂಟು ವರ್ಷ. ದೊಡ್ಡ ಯುದ್ಧ ಇನ್ನೂ ಶುರುವಾಗಿರಲಿಲ್ಲ. ಬ್ರಿಟಿಷರು ಇನ್ನೂ ಇದ್ದರು. ನಾನು ಮಸಗುಪ್ಪಿಯ ಸಾಲೆಯಲ್ಲಿ ಕನ್ನಡ ನಾಲ್ಕನೇ ಇಯತ್ತೆ ಪಾಸಾದವಳು. ಉದ್ದವನ್ನೂ ಅಗಲವನ್ನೂ ಗುಣಿಸಿದರೆ ಕ್ಷೇತ್ರಫಲ ಬರುತ್ತದೆ ಎಂದು ಮಾಸ್ತರರು ಕಲಿಸಿದ್ದರು. ಆಳದ ವಿಷಯ ಕಲಿಸಿರಲಿಲ್ಲ. ಮುಂದೆ ಆದದ್ದೆಲ್ಲ ಆ ಆಳದಿಂದಲೇ!

ಗೋಕಾಕಕ್ಕೆ ಸೊಸೆಯಾಗಿ ಬಂದ ಮೇಲೆ ನಾನು ಅಡುಗೆಮನೆಯ ಕಿಂಡಿಯಿಂದಲೇ ಊರನ್ನು ಅಭ್ಯಾಸ ಮಾಡಿದೆ. ಗಿರಣಿಯ ಕೆಲಸಕ್ಕೆ ಬಂದವರು, ಕಚೇರಿಯ ಕಾರಕೂನರು, ವರ್ಗವಾಗಿ ಬಂದ ಮಾಸ್ತರರು ನಮ್ಮ ಓಣಿಯಲ್ಲಿ ಹಾಸಿಗೆ ಸುರುಳಿ ಹಿಡಿದು, "ಖೋಲಿ ಸಿಗತೈತೇನ್ರಿ?" ಎಂದು ಕೇಳುತ್ತ ತಿರುಗುತ್ತಿದ್ದರು. ಬಾಡಿಗೆಗೆ ಕೋಣೆಗಳೇ ಇರಲಿಲ್ಲ. ಇತ್ತ ನಿಮ್ಮ ಅಜ್ಜ ಬಟ್ಟೆಯ ಗಂಟು ಹೇರಿಕೊಂಡು ಹುಕ್ಕೇರಿ, ಯಮಕನಮರಡಿ, ಮೂಡಲಗಿ ಎಂದು ಸಂತೆಯಿಂದ ಸಂತೆಗೆ ಅಲೆಯುತ್ತಿದ್ದರು. ಆ ಬಟ್ಟೆಯನ್ನು ಇಲಿ ಕಡಿಯುತ್ತಿತ್ತು, ಮಳೆ ತೋಯಿಸುತ್ತಿತ್ತು. ನಾನು ರೊಟ್ಟಿ ಬಡಿಯುತ್ತ ವಿಚಾರ ಮಾಡಿದೆ. ಜಾಗವನ್ನು ಇಲಿ ಕಡಿಯುವುದಿಲ್ಲ. ಜಾಗವನ್ನು ಯಾರೂ ಹೊತ್ತುಕೊಂಡು ಹೋಗುವುದಿಲ್ಲ.

ಎರಡನೆಯದು ತಪ್ಪು ಎಂದು ಆಮೇಲೆ ತಿಳಿಯಿತು!

ಪೇಟೆಯ ಹಿಂದಿನ ಓಣಿಯಲ್ಲಿ, ನಮ್ಮಲ್ಲಿಗೆ ಹೋಗಿಬಂದು ಮಾಡುತ್ತಿದ್ದ ನೀಲವ್ವ ಎಂಬಾಕೆಯ ಮನೆಗೆ ಹತ್ತಿಕೊಂಡು, ಒಂದು ಬಿದ್ದ ಮನೆಯಿತ್ತು. ಮಣ್ಣಿನ ಗೋಡೆಗಳೆಲ್ಲ ಕುಸಿದು ದಿಬ್ಬವಾಗಿ, ಅದರ ಮೇಲೆ ಎಕ್ಕೆ ಬೆಳೆದು, ಮೂರೂ ಹೊತ್ತು ಕತ್ತೆಗಳು ನಿಂತಿರುತ್ತಿದ್ದವು. ಮಣ್ಣು ಸಾಗಿಸುವ ಖರ್ಚಿಗೆ ಹೆದರಿ ಅದನ್ನು ಯಾರೂ ಕೊಳ್ಳುತ್ತಿರಲಿಲ್ಲ. ಹೀಗಾಗಿ ಅಗ್ಗವಾಗಿತ್ತು. ಒಂದು ದಿನ ಊಟಕ್ಕೆ ಬಡಿಸುವಾಗ ನಿಮ್ಮ ಅಜ್ಜನ ಮುಂದೆ ಮಾತು ತೆಗೆದೆ.

"ನಮ್ಮವ್ವ ಕೊಟ್ಟ ಬಂಗಾರದ ಪಾಟ್ಲಿ ಬಳಿ ಮಾರಿ ಆ ಜಾಗಾ ತಗೊಳ್ಳೂಣೇನ್ರಿ?"

ಅವರು ರೊಟ್ಟಿ ಮುರಿಯುವುದನ್ನು ನಿಲ್ಲಿಸಿದರು. "ಯಾವ ಜಾಗಾ? ಆ ಕತ್ತಿ ನಿಲ್ಲೂ ಗುಡ್ಡಾನ?"

"ಗುಡ್ಡಾ ತಗದ್ರ ಜಾಗಾನ ಅಲ್ಲೇನ್ರಿ?"

"ತಗಿಯವ್ರ ಯಾರು?"

"ಅದನ್ನ ನನಗ ಬಿಡ್ರಿ."

ಇಂಥ ಧೈರ್ಯದ ಮಾತು ನನ್ನ ಬಾಯಿಂದ ಬಂದದ್ದು ಕೇಳಿ ನನಗೇ ಹೆಮ್ಮೆಯಾಯಿತು. ಅವರಿಗೆ ಬಿಕ್ಕಳಿಕೆ ಬಂತು.

ಮಾವನವರ ಒಪ್ಪಿಗೆ ಬೇಕಿತ್ತು. ಆಗ ಸೊಸೆಯಾದವಳು ಮಾವನ ಎದುರಿಗೆ ನಿಲ್ಲುವಂತಿರಲಿಲ್ಲ, ಮಾತಾಡುವಂತಿರಲಿಲ್ಲ. ನಾನು ಬಾಗಿಲ ಹಿಂದೆ ನಿಂತು ಅತ್ತೆಗೆ ಹೇಳುವುದು, ಅತ್ತೆ ಮಾವನವರಿಗೆ ಹೇಳುವುದು. ನಡುವೆ ಇದ್ದದ್ದು ಒಂದು ಬಾಗಿಲು ಮಾತ್ರ, ಎಲ್ಲರಿಗೂ ಎಲ್ಲವೂ ಕೇಳಿಸುತ್ತಿತ್ತು. ಆದರೂ ಪದ್ಧತಿ ಎಂದರೆ ಪದ್ಧತಿ.

ಮಾವನವರು ಕಂಬದ ಕಡೆ ಮುಖ ಮಾಡಿ ತೀರ್ಪು ಕೊಟ್ಟರು. "ತವರ ಬಂಗಾರ ಆಕಿದು. ಬ್ಯಾಡ ಅನ್ನಾಕ ನಾ ಯಾರು? ಆದ್ರ ಬರೂ ದೀಪಾವಳಿಗೆ ಆ ಜಾಗಾದಿಂದ ಬಾಡಿಗಿ ಬರಬೇಕು. ಬರಲಿಲ್ಲಂದ್ರ ಅದನ್ನ ಮಾರಿ ತಿರುಗಿ ಪಾಟ್ಲಿ ಮಾಡಿಸಿ ಆಕಿ ಕೈಯಾಗ ಹಾಕತೀನಿ. ಮುಂದ ಈ ಮನ್ಯಾಗ ಹೆಣ್ಮಕ್ಕಳು ಆಸ್ತಿ ಮಾತು ಎತ್ತಬಾರ್ದು, ಹೇಳು ಆಕಿಗೆ."

ಅತ್ತೆ ನನ್ನ ಕಡೆ ತಿರುಗಿ, "ಕೇಳಿಸ್ತಿಲ್ಲೋ?" ಎಂದರು. ಕೇಳಿಸಿತ್ತು. ಇನ್ನು ಮೇಲೆ ಹುಟ್ಟುವ ಹೆಣ್ಣುಮಕ್ಕಳ ಭಾರವೂ ನನ್ನ ತಲೆಯ ಮೇಲೆಯೇ ಬಂದು ಕುಳಿತಿತ್ತು.

ಖರೀದಿಯ ದಿನ ಕಚೇರಿಗೆ ಹೋದೆವು. ಹೆಬ್ಬೆಟ್ಟು ಒತ್ತಲು ಕಾರಕೂನರು ಮಸಿ ಮುಂದಿಟ್ಟರು. "ಸಹಿ ಮಾಡತಾಳ್ರಿ," ಎಂದರು ನಿಮ್ಮ ಅಜ್ಜ, ಎದೆ ಉಬ್ಬಿಸಿ. ಕಚೇರಿಯವರೆಲ್ಲ ನೋಡತೊಡಗಿದರು. ನಾಚಿಕೆಯಿಂದ ನಾನು ಸೆರಗನ್ನು ಮೂಗಿನ ತನಕ ಎಳೆದುಕೊಂಡೆ. ಲೇಖನಿ ಹಿಡಿದು, ಒಂದು ಅಕ್ಷರವೂ ತಪ್ಪದಂತೆ, ದುಂಡಗೆ, ಸುಂದರವಾಗಿ ಸಹಿ ಮಾಡಿದೆ.

ಮೇಜಿನ ಮೇಲೆ!

ಎರಡನೆಯ ಸಲ ಕಾಗದದ ಮೇಲೆಯೇ ಬಂತು. ಅಂತೂ ಸಂಜೆಯ ಹೊತ್ತಿಗೆ ನಾನು ಗೋಕಾಕದಲ್ಲಿ ಒಂದು ಗುಡ್ಡ ಮತ್ತು ಐದಾರು ಕತ್ತೆಗಳ ಒಡತಿಯಾದೆ. ಕತ್ತೆಗಳು ಖರೀದಿ ಪತ್ರದಲ್ಲಿ ಇರಲಿಲ್ಲ, ಆದರೆ ಅವು ಅದನ್ನು ಒಪ್ಪಲಿಲ್ಲ.

ಇನ್ನು ನನ್ನ ಯೋಜನೆ ಕೇಳಿ. ಒಕ್ಕಲುತನದ ಮನೆಯಲ್ಲಿ ಹುಟ್ಟಿದವಳಿಗೆ ಒಂದು ಸಂಗತಿ ಗೊತ್ತಿರುತ್ತದೆ. ಬಿದ್ದ ಮನೆಯ ಹಳೆಯ ಗೋಡೆಯ ಮಣ್ಣು ಹೊಲಕ್ಕೆ ಒಳ್ಳೆಯ ಗೊಬ್ಬರ. ನಾವು ಅದಕ್ಕೆ ಹಾಳುಮಣ್ಣು ಎನ್ನುತ್ತಿದ್ದೆವು. ಎಷ್ಟೋ ವರ್ಷ ಒಲೆಯ ಹೊಗೆ ಕುಡಿದ, ದನಗಳ ಗಂಜಲ ಕುಡಿದ ಮಣ್ಣು ಅದು. ಮಸಗುಪ್ಪಿಯಲ್ಲಿ ಯಾರದಾದರೂ ಗೋಡೆ ಬಿದ್ದರೆ ಮನೆಯವರು ಅಳುತ್ತಿದ್ದರು, ನಮ್ಮ ಅಪ್ಪ ಬಂಡಿ ಹೂಡುತ್ತಿದ್ದ. ನಾನು ಕೂಲಿ ಕೊಟ್ಟು ಮಣ್ಣು ತೆಗೆಸುವುದೇಕೆ? "ಹಾಳುಮಣ್ಣು ಪುಕ್ಕಟೆ, ಬೇಕಾದವರು ಒಯ್ಯಿರಿ" ಎಂದರೆ ಆಯಿತು. ಅವರಿಗೆ ಗೊಬ್ಬರ, ನನಗೆ ಸಪಾಟು ಜಾಗ!

ಈ ಬುದ್ಧಿವಂತಿಕೆಗೆ ನಿಮ್ಮ ಅಜ್ಜನೂ ಬೆರಗಾದರು. ಹುಕ್ಕೇರಿ ಕಡೆಯ ಸಂತೆಗಳಿಗೆ ಹೊರಡುವ ಮುಂಚೆ ಭರಮಪ್ಪನಿಗೆ ಸುದ್ದಿ ಹೇಳಿ ಹೋದರು. ಭರಮಪ್ಪ ಎಂದರೆ ಅಂಕಲಗಿಯವರು, ನಮಗೆ ದೂರದ ಸಂಬಂಧ, ಲೆಕ್ಕ ಹಾಕಿದರೆ ನನಗೆ ಮಾವನಾಗಬೇಕು. ಗೋಕಾಕದ ಪೇಟೆಗೆ ಜೋಳ ತಂದು ಹಾಕಿ ಬರಿದಾದ ಬಂಡಿ ಹೊಡೆದುಕೊಂಡು ಊರಿಗೆ ಹೋಗುತ್ತಿದ್ದರು. ಬರಿ ಬಂಡಿಗೆ ಮಣ್ಣು ಸಿಕ್ಕರೆ ಯಾರು ಬಿಡುತ್ತಾರೆ?

ಮರುದಿನ ಭರಮಪ್ಪ ಬಂದರು. ಅವರ ಹಿಂದೆ ಅವರ ಓಣಿ ಬಂತು. ಅದರ ಹಿಂದೆ ಅಂಕಲಗಿಯೇ ಬಂತು. ಮಳೆಗಾಲಕ್ಕೆ ಮುಂಚೆ ಹೊಲಕ್ಕೆ ಗೊಬ್ಬರ ಹೊಡೆಯುವ ಕಾಲ ಅದು. ಗುದ್ದಲಿ, ಸಲಿಕೆ, ಬುಟ್ಟಿ, ಎತ್ತಿನ ಗಂಟೆಗಳ ಸದ್ದು! ಕತ್ತೆಗಳು ಕೂಡ ಜಾಗ ಖಾಲಿ ಮಾಡಿದವು. ನೋಡನೋಡುತ್ತಿದ್ದಂತೆ ದಿಬ್ಬ ಕರಗಿತು. ಒಳಗಿಂದ ಹಳೆಯ ಮನೆಯ ಪಾಯದ ಕಲ್ಲುಗಳು ಎದ್ದವು. ಅವು ಹೊಲಕ್ಕೆ ಬೇಡವಾದ್ದರಿಂದ ಒಂದು ಕಡೆ ಒಟ್ಟಿದರು. ಬಂದವರು ಬರಿಗೈಲಿ ಬರಲಿಲ್ಲ. ಒಬ್ಬರು ಬದನೆಕಾಯಿ, ಒಬ್ಬರು ಮೆಣಸಿನಕಾಯಿ, ಮತ್ತೊಬ್ಬರು ಬೆಲ್ಲ ತಂದು ನಮ್ಮ ಅತ್ತೆಯ ಮುಂದೆ ಇಟ್ಟು ಹೋಗುತ್ತಿದ್ದರು.

ಜಾಗ ಓಣಿಯ ಮಟ್ಟಕ್ಕೆ ಬಂತು. ಮಾವನವರು ಬಂದು ನೋಡಿ, ಕಂಬ ಸಿಗದ್ದರಿಂದ ಆಕಾಶಕ್ಕೆ ಮುಖ ಮಾಡಿ, "ಛಲೋ ಆತು," ಎಂದರು. ಆ ರಾತ್ರಿ ನಾನು ಎರಡು ರೊಟ್ಟಿ ಹೆಚ್ಚು ತಿಂದೆ.

ಮರುದಿನ ಬೆಳಿಗ್ಗೆ ಬಂಡಿಗಳು ಮತ್ತೆ ಬಂದವು.

ಗುಡ್ಡ ಮುಗಿದಿತ್ತು, ಮಣ್ಣು ಮುಗಿದಿರಲಿಲ್ಲ! ಆ ಮನೆಯ ಕೊಟ್ಟಿಗೆ ಇದ್ದ ನೆಲವಂತೆ ಅದು. ಕೆಳಕ್ಕೆ ಹೋದಷ್ಟೂ ಕಪ್ಪಗೆ, ಘಮಘಮ, ಇನ್ನೂ ಒಳ್ಳೆಯ ಮಣ್ಣು. ಅವರು ಸಂತೋಷದಿಂದ ಕೆಳಕ್ಕೆ ಹೋಗತೊಡಗಿದರು.

"ಸಾಕು" ಎಂದು ಹೇಳಬೇಕಿತ್ತು. ಎರಡೇ ಅಕ್ಷರ. ಆದರೆ ಮಾವನ ಸಂಬಂಧದ ಭರಮಪ್ಪನ ಎದುರಿಗೆ ನಿಂತು ನಾನು ಹೇಗೆ ಹೇಳಲಿ? ಒಮ್ಮೆ ನೋಡಿ ಒಪ್ಪಿದ ಮಾವನವರು ಮತ್ತೆ ಆ ಕಡೆ ಹೋಗಿರಲಿಲ್ಲ. ಅತ್ತೆಯ ಹತ್ತಿರ ಹೋದೆ.

"ಅತ್ತಿ, ಇನ್ನ ಸಾಕನ್ರಿ ಅವರಿಗೆ. ತಗ್ಗ ಬೀಳಾಕತ್ತೈತಿ."

ಅತ್ತೆ ಬದನೆಕಾಯಿ ಹೆಚ್ಚುತ್ತಿದ್ದರು. "ಹುಚ್ಚಿ, ಮಂದಿ ಮನಸ ಮಾಡಿ ಕಾಯಿಪಲ್ಲೆ ತಂದ ಕೊಡಾಕತ್ತಾರ. ಒಯ್ಯಬ್ಯಾಡ್ರಿ ಅಂತ ಹ್ಯಾಂಗ ಅನ್ನೂದು? ಮಣ್ಣ ಏನ, ಭೂಮ್ಯಾಗ ಮತ್ತ ಬರತೈತಿ."

ನಾನು ಬೇರೆ ಉಪಾಯ ಮಾಡಿದೆ. ಕೊಡದ ತುಂಬ ಮಜ್ಜಿಗೆ ಕಡೆದು ಕಳಿಸಿದೆ. ಕುಡಿದರೆ ದಣಿವು ತಿಳಿದು, ನೆರಳಿಗೆ ಕುಳಿತು, ಮನೆಯ ನೆನಪಾಗಿ ಹೋಗುತ್ತಾರೆ ಎಂದು ನನ್ನ ಲೆಕ್ಕ. ಅವರು ಕುಡಿದರು. ಮೀಸೆ ಒರೆಸಿಕೊಂಡರು. ಹೊಸ ಶಕ್ತಿಯಿಂದ ಅಗೆದರು! ಮರುದಿನ ಇನ್ನೂ ಹೆಚ್ಚು ಬಂಡಿಗಳು ಬಂದವು. "ಮಣ್ಣಷ್ಟ ಅಲ್ಲೋ, ಮಜ್ಜಗೀನೂ ಕೊಡತಾರ!" ಎಂದು ಸುದ್ದಿಯಾಗಿತ್ತು.

ಈಗ ಕೊನೆಯ ಉಪಾಯ. ದೇವರಿದ್ದಲ್ಲಿ ಯಾರೂ ಗುದ್ದಲಿ ಹಾಕುವುದಿಲ್ಲ ಎಂಬುದು ನನಗೆ ಗೊತ್ತಿತ್ತು. ಮಧ್ಯಾಹ್ನ ಅಗೆಯುವವರು ಊಟಕ್ಕೆ ಹೋಗಿದ್ದರು, ಅತ್ತೆ ಮಲಗಿದ್ದರು. ದುಂಡಗಿನ ಕಲ್ಲು ಎಲ್ಲಿಯೂ ಸಿಗಲಿಲ್ಲ. ಕೈಗೆ ಸಿಕ್ಕಿದ್ದು ಹಿತ್ತಲಲ್ಲಿ ಚಟ್ನಿ ಅರೆಯುವ ಗುಂಡಕಲ್ಲು. ಅದನ್ನೇ ಸೆರಗಿನಲ್ಲಿ ಮುಚ್ಚಿಕೊಂಡು ಹೋಗಿ, ಜಾಗದ ನಟ್ಟನಡುವೆ ಇಟ್ಟು, ಅರಿಷಿಣ ಬಳಿದು, ಕುಂಕುಮ ಹಚ್ಚಿ, ಎರಡು ಎಕ್ಕೆ ಹೂ ಏರಿಸಿದೆ. ಕೊರಳಲ್ಲಿದ್ದ ಲಿಂಗವನ್ನು ಮುಟ್ಟಿಕೊಂಡು, "ನೀನs ಕ್ಷಮಿಸಪ್ಪಾ, ನಿನಗ ಎಲ್ಲಾ ಗೊತ್ತೈತಿ," ಎಂದು ಬೇಡಿಕೊಂಡು ಓಡಿ ಬಂದೆ.

ಭರಮಪ್ಪ ಊಟ ಮುಗಿಸಿ ಬಂದರು. ನಾನು ದೂರದಲ್ಲಿ ಗೋಡೆಯ ಮರೆಯಿಂದ ನೋಡುತ್ತಿದ್ದೆ. ಅವರು ಗುದ್ದಲಿ ಕೆಳಗಿಟ್ಟರು, ರುಮಾಲು ತೆಗೆದರು, ಕೈ ಮುಗಿದರು. ಎಲ್ಲರೂ ಕೈ ಮುಗಿದರು. ನನ್ನ ಹೃದಯ ಹಗುರಾಯಿತು. ಆಮೇಲೆ ಭರಮಪ್ಪ ಹೇಳಿದರು: "ದೇವ್ರ ಎದ್ದಾನ್ರೋ. ಮುಟ್ಟಬ್ಯಾಡ್ರಿ. ಸುತ್ತ ಅಗೀರಿ!"

ಸುತ್ತ ಅಗೆದರು. ಎರಡು ದಿನ ಕಳೆಯುವುದರಲ್ಲಿ ನನ್ನ ಜಾಗ ಹೀಗಿತ್ತು: ಆನೆ ಇಳಿಯುವಂಥ ಒಂದು ಹೊಂಡ, ಹೊಂಡದ ನಡುವೆ ಒಂದು ಎತ್ತರದ ಮಣ್ಣಿನ ಕಂಬ, ಕಂಬದ ತುದಿಯಲ್ಲಿ ನಮ್ಮ ಗುಂಡಕಲ್ಲು! ಓಣಿಯ ಹೆಂಗಸರು ಬಂದು ಅಂಚಿನಲ್ಲಿ ನಿಂತು ಕಾಯಿ ಒಡೆಯತೊಡಗಿದ್ದರು.

ಅದೇ ಎರಡು ದಿನ ನಮ್ಮ ಮನೆಯಲ್ಲಿ ಚಟ್ನಿ ಇರಲಿಲ್ಲ. ಅತ್ತೆ ಗುಂಡಕಲ್ಲು ಹುಡುಕಿ ಹುಡುಕಿ ಸಾಕಾಗಿ, ಅದನ್ನು ನೀಲವ್ವನೇ ಒಯ್ದಿರಬೇಕು ಎಂದು ತೀರ್ಮಾನಿಸಿದ್ದರು. ಸರಿಯಾಗಿ ಆ ಹೊತ್ತಿಗೆ ನೀಲವ್ವ ಸೊಂಟಕ್ಕೆ ಸೆರಗು ಸಿಗಿಸಿಕೊಂಡು ನಮ್ಮ ಬಾಗಿಲಿಗೆ ಬಂದಳು.

"ಏನ್ಬೇ, ಹೊರಗ ಬಾ! ನನ್ನ ಹಿತ್ತಲ ಗ್ವಾಡಿ ಗಾಳ್ಯಾಗ ನಿಂತೈತಿ! ನಾಳೆ ನಾ ರೊಟ್ಟಿ ಬಡಿಯಾಕ ಕುಂತ್ರ ಒಲಿ, ರೊಟ್ಟಿ, ನಾನು ಎಲ್ಲಾ ಕೂಡಿ ನಿಮ್ಮ ಹೊಂಡದಾಗ ಬೀಳತೀವಿ!"

"ರೊಟ್ಟಿ ಮಾತ ಆಮ್ಯಾಲ. ನನ್ನ ಗುಂಡಕಲ್ಲ ಎಲ್ಲಿಟ್ಟಿ, ಅದನ್ನ ಹೇಳು ಮೊದಲ!"

"ನಿನ್ನ ಗುಂಡಕಲ್ಲ ತಗೊಂಡ ನಾ ಏನ ತಲಿಗೆ ಬಡಕೊಳ್ಳಲಿ? ನಡಿ, ಗ್ವಾಡಿ ನೋಡು ನಡಿ!"

ನೀಲವ್ವ ಅತ್ತೆಯ ಕೈ ಹಿಡಿದು ಎಳೆದುಕೊಂಡು ಹೋದಳು. ನಾನು ಹಿಂದೆ ಹಿಂದೆ ಹೋದೆ. ಗೋಡೆಯ ಬುಡದ ಮಣ್ಣು ನಿಜವಾಗಿಯೂ ಹೋಗಿತ್ತು. ಅತ್ತೆ ಮಾತ್ರ ಗೋಡೆಯನ್ನು ನೋಡಲಿಲ್ಲ. ಕಂಬದ ಮೇಲಿನ ದೇವರಿಗೆ ಕೈ ಮುಗಿದು ಗಲ್ಲ ಬಡಿದುಕೊಂಡರು. ಬಡಿದುಕೊಳ್ಳುತ್ತ ಕೈ ನಿಂತಿತು. ಕಣ್ಣು ಕಿರಿದಾದವು.

"ಆ ಮಗ್ಗಲದಾಗ ಚಕ್ಕಿ ಎದ್ದದ್ದು... ಅದು ನನ್ನ ಕಲ್ಲು! ಗಂಗವ್ವಾ!"

ನಾನು ಸೆರಗನ್ನು ಗದ್ದದ ತನಕ ಎಳೆದುಕೊಂಡೆ. ಅತ್ತೆಗೆ ಉತ್ತರ ಸಿಕ್ಕಿತು.

"ಭರಮಪ್ಪಾ, ಇಳಸ ಅದನ್ನ!"

"ಯಕ್ಕಾ, ಮುಟ್ಟಬಾರ್ದು," ಎಂದರು ಭರಮಪ್ಪ ಹೊಂಡದೊಳಗಿಂದ. "ಭಾಳ ಜಾಗೃತ ದೇವ್ರು. ನಿನ್ನೆ ಬೇಡಿಕೊಂಡ್ನಿ, ಇವತ್ತ ನನ್ನ ಎತ್ತ ಮೇವ ತಿಂತು."

"ನಿನ್ನ ಎತ್ತ ಮೇವ ತಿಂದ್ರ ನಾವ ಚಟ್ನಿ ಇಲ್ಲದ ರೊಟ್ಟಿ ತಿನ್ನೂದೇನ? ಅರಿಯೂ ಕಲ್ಲೋ ಅದು! ಇಳಸು! ಇನ್ನ ಮ್ಯಾಲ ಒಂದ ಬುಟ್ಟಿ ಮಣ್ಣ ಮುಟ್ಟಿದ್ರ ನೋಡ ಮತ್ತ. ಸಾಕು!"

ಇಷ್ಟು ದಿನ ನನ್ನ ಗಂಟಲಲ್ಲಿ ಸಿಕ್ಕಿಕೊಂಡಿದ್ದ ಮಾತು ಚಟ್ನಿಯ ಪುಣ್ಯದಿಂದ ಹೊರಗೆ ಬಂತು. ಭರಮಪ್ಪ ಕಂಬ ಒಡೆದು ಕಲ್ಲನ್ನು ಇಳಿಸಿ, ತೊಳೆದು, ಅತ್ತೆಯ ಕೈಗೆ ಕೊಟ್ಟರು. ನನ್ನ ಕಡೆ ನೋಡದೆ ನನಗೇ ಹೇಳಿದರು: "ಯವ್ವಾ, ಸಾಕ ಅಂದಿದ್ರ ನಾ ಅವತ್ತ ನಿಲ್ಲಸ್ತಿದ್ನಲ್ಲ! ಬ್ಯಾಡ ಅನ್ನಾಕ ದೇವ್ರನ್ನ ಯಾಕ ಕರಸಿದಿ?"

ಆ ದಿನದ ಚಟ್ನಿ ಹಳದಿಯಾಗಿತ್ತು.

ನಿಮ್ಮ ಅಜ್ಜ ಸಂತೆ ಮುಗಿಸಿ ಬಂದವರು ನೆಟ್ಟಗೆ ಜಾಗ ನೋಡಲು ಹೋದರು. ತಿರುಗಿ ಬಂದು ಬಾಗಿಲಲ್ಲಿಯೇ ನಿಂತು ಕೇಳಿದರು:

"ಜಾಗಾ ಎಲ್ಲೈತಿ?"

"ಅಲ್ಲೇ ಐತಲ್ರಿ."

"ಅಲ್ಲಿಲ್ಲ."

ನಾನು ನೆಲ ನೋಡಿದೆ. "ಅಂಕಲಗಿಗೆ ಹೋಗೈತ್ರಿ."

ಅವರಿಗೆ ಸಿಟ್ಟು ಬರಬೇಕಿತ್ತು, ನಗು ಬಂತು. ಗಂಟಿನ ಮೇಲೆ ಕುಳಿತು ಕಣ್ಣಲ್ಲಿ ನೀರು ಬರುವ ತನಕ ನಕ್ಕರು. ನನ್ನ ಕಣ್ಣಲ್ಲೂ ನೀರು ಬಂತು. ನನ್ನದು ನಗುವಲ್ಲ, ಅಳು. ಆ ವರ್ಷ ನನ್ನ ಆಸ್ತಿಯಲ್ಲಿ ಅಂಕಲಗಿಯವರು ಎಂಥ ಜೋಳ ಬೆಳೆದರೆಂದರೆ ಸಂತೆಯಲ್ಲಿ ಅದರ ಮಾತೇ ಮಾತು!

ಮಾವನವರು ನಗಲಿಲ್ಲ. ಪಡಸಾಲೆಯಲ್ಲಿ ಕುಳಿತು ಕಂಬಕ್ಕೆ ಹೇಳಿದರು: "ಮಳಿ ಹತ್ತಿರ ಬಂತು. ನೀಲವ್ವನ ಗ್ವಾಡಿ ಬಿದ್ರ ನಾವs ಕಟ್ಟಿಸಿ ಕೊಡಬೇಕು. ಹೊಂಡ ತುಂಬಸಾಕ ಮಣ್ಣ ಎಲ್ಲಿಂದ ತರೂದು? ಬಂದಷ್ಟಕ್ಕ ಮಾರಿಬಿಡೂಣು. ಪಾಟ್ಲಿ ಮಾತ ಬಿಡ್ರಿ, ಒಂದ ಉಂಗುರಾದ್ರೂ ಆದೀತು."

ಬಾಗಿಲ ಹಿಂದೆ ನಾನು ನಿಂತಿದ್ದೆ. ನನಗೆ ನನ್ನ ಬರಿಗೈ ಕಾಣುತ್ತಿತ್ತು. ನನಗೆ ಮುಂದೆ ಹೆಣ್ಣು ಹುಟ್ಟಿದರೆ ಅವಳು ಬಾಯಿ ತೆರೆದಾಗಲೆಲ್ಲ, "ನಿಮ್ಮವ್ವ ಜಾಗಾ ತಗೊಂಡಿದ್ಲು, ಗೊತ್ತೈತಿಲ್ಲೋ?" ಎಂದು ಈ ಹೊಂಡವನ್ನು ತೋರಿಸುತ್ತಾರೆ ಅನಿಸಿತು. ಬಾಯಿ ತಾನಾಗಿಯೇ ತೆರೆಯಿತು. ಅತ್ತೆಗೆ ಹೇಳುವುದನ್ನು ಮರೆತು ನೇರವಾಗಿ ಬಾಗಿಲಿಗೇ ಹೇಳಿಬಿಟ್ಟೆ.

"ತುಂಬೂದ ಬ್ಯಾಡ. ತಳದಾಗಿಂದ ಕಟ್ಟೂಣು. ಒಂದ ಖೋಲಿ ಕೆಳಗ, ಒಂದ ಖೋಲಿ ಮ್ಯಾಲ. ಪಾಯ ಹೆಂಗೂ ತಗದೈತಿ. ಕಲ್ಲ ಅಲ್ಲೇ ಬಿದ್ದಾವು. ನಮ್ಮ ಗ್ವಾಡಿ ಎದ್ರ ನೀಲವ್ವನ ಗ್ವಾಡಿಗೂ ಆಸರಾತು."

ಮಾವನವರು ಕಂಬವನ್ನು ಬಿಟ್ಟು, ಮೊದಲ ಸಲ ಬಾಗಿಲ ಕಡೆ ತಿರುಗಿ ನೋಡಿದರು. "ದೀಪಾವಳಿ ತನಕ ಅಂದಿದ್ನಿ," ಎಂದರು. "ದೀಪಾವಳಿ ಇನ್ನೂ ಬಂದಿಲ್ಲ." ನಿಮ್ಮ ಅಜ್ಜ ಬಟ್ಟೆ ಖರೀದಿಗೆ ಕೂಡಿಟ್ಟಿದ್ದ ದುಡ್ಡಿನ ಚೀಲವನ್ನು ತಂದು ಹೊಸ್ತಿಲ ಮೇಲೆ ಇಟ್ಟರು. ಅವರ ಜೊತೆ ಅಷ್ಟು ವರ್ಷ ಬಾಳಿದೆ, ಇನ್ನೆಂದೂ ಅವರು ನನಗೆ ಅಷ್ಟು ಚೆಲುವಾಗಿ ಕಾಣಲಿಲ್ಲ.

ಮನೆ ಕಟ್ಟುವ ಗೌಂಡಿ ಬಂದ. ಕೆಳಗಿನ ನೆಲ ಗಟ್ಟಿ ಗರಸು, ಪಾಯಕ್ಕೆ ಒಳ್ಳೆಯದು ಎಂದು ಹೇಳಿ ಖುಷಿಪಟ್ಟ. ನಾನು ಬಾಗಿಲ ಹಿಂದಿನಿಂದ ಅಪ್ಪಣೆ ಕೊಡುವುದು, ಅತ್ತೆ ಅದನ್ನು ಗೌಂಡಿಗೆ ದಾಟಿಸುವುದು. ಗೋಡೆಗೆ ಮಾಡ ಎಲ್ಲಿರಬೇಕು, ಓಣಿಯ ಮಟ್ಟಕ್ಕೆ ಗಾಳಿ ಕಿಂಡಿ ಎಷ್ಟಿರಬೇಕು, ಗೂಟ ಯಾವ ಎತ್ತರಕ್ಕಿರಬೇಕು, ಒಂದನ್ನೂ ಬಿಡಲಿಲ್ಲ. ಮಳೆ ಬರುವ ಮುಂಚೆ ಕೆಳಗಿನ ಗೋಡೆ ಎದ್ದು ನೀಲವ್ವನ ಗೋಡೆಯನ್ನು ಹೆಗಲು ಕೊಟ್ಟು ಹಿಡಿಯಿತು. ನೀಲವ್ವ ಒಂದು ಬುಟ್ಟಿ ಹೋಳಿಗೆ ಕಳಿಸಿದಳು. ತೊಲೆ ಏರಿತು, ಹಲಗೆ ಬಿತ್ತು. ಕೊನೆಗೆ ಮೇಲಿನ ಮಾಳಿಗೆಯ ಛಾವಣಿಗೆ ಹಾಸಲು ಮಣ್ಣು ಬೇಕಾಯಿತು.

ಕೊಂಡು ತಂದೆವು!

ದೀಪಾವಳಿಗೆ ಕೆಲವೇ ದಿನ ಇದ್ದಾಗ ಎಲೆ ವ್ಯಾಪಾರದ ಈರಪ್ಪ ಎಂಬವರು ಮನೆ ನೋಡಲು ಬಂದರು. ವೀಳ್ಯದೆಲೆಗೆ ಬಿಸಿಲೆಂದರೆ ಆಗದು, ಪೇಟೆಯ ಅಂಗಡಿಯಲ್ಲಿ ಎರಡು ದಿನಕ್ಕೇ ಬಾಡುತ್ತಿತ್ತಂತೆ. ಗೌಂಡಿಯ ನಿಚ್ಚಣಿಕೆ ಇನ್ನೂ ಅಲ್ಲೇ ಇತ್ತು. ಅದರಿಂದ ಕೆಳಗಿನ ಖೋಲಿಗೆ ಇಳಿದವರು ಎಷ್ಟು ಹೊತ್ತಾದರೂ ಮೇಲೆ ಬರಲಿಲ್ಲ. ಕೆಳಗಿನಿಂದ ದನಿ ಮಾತ್ರ ಬಂತು.

"ಏ, ಏನ್ ತಂಪ ಐತ್ರೀ ಇಲ್ಲಿ! ಎಲಿ ಇಟ್ರ ವಾರಗಟ್ಲೆ ಹಸರ ಇರತಾವು! ಇಂಥಾದ್ದ ಕಟ್ಟಸಬೇಕಂತ ಯಾರಿಗೆ ಹೊಳೀತ್ರಿ?"

ಮಾವನವರು ಮೀಸೆಯ ಮೇಲೆ ಕೈ ಹಾಕಿದರು. "ನಮ್ಮ ಸೊಸಿಗ್ರಿ. ಸಾಲಿ ಕಲ್ತಾಕಿ. ಮೊದಲs ವಿಚಾರ ಮಾಡೇ ತಗ್ಗ ತಗಿಸಿದ್ಲು. ನಮಗ ಯಾರಿಗೂ ತಿಳೀಲಿಲ್ಲ ನೋಡ್ರಿ!"

ನಾನು ಬಾಗಿಲ ಹಿಂದೆ ಇದ್ದೆ. ಸೊಸೆಯಾದವಳು ಮಾವನ ಮಾತನ್ನು ತಿದ್ದಬಾರದು. ತಿದ್ದಲಿಲ್ಲ!

ದೀಪಾವಳಿಯ ದಿನ ಈರಪ್ಪನವರು ಎಲೆಯ ಮೇಲೆ ಬಾಡಿಗೆಯ ದುಡ್ಡು ಇಟ್ಟು ತಂದರು. ಮಾವನವರು ಅದನ್ನು ಮುಟ್ಟದೆ, "ಮಾಲಕರ ಕೈಯಾಗ ಕೊಡ್ರಿ," ಎಂದರು. ನಾನು ಬಾಗಿಲ ಸಂದಿಯಿಂದ ಕೈ ಮಾತ್ರ ಹೊರಗೆ ಚಾಚಿ ತೆಗೆದುಕೊಂಡೆ. ನೆನಪಿಡಿ ಮಕ್ಕಳೇ, ಈ ಮನೆತನದ ಹೆಣ್ಣಿನ ಕೈಗೆ ಬಂದ ಮೊದಲ ಬಾಡಿಗೆ ಅದು. ನಿಮ್ಮ ಸೋದರತ್ತೆಯರ ಹೆಸರಿನಲ್ಲಿ ಇವತ್ತು ಏನೇನಿದೆಯೋ ಅದೆಲ್ಲ ಆ ಕೈಯ ಹಿಂದೆಯೇ ಬಂದದ್ದು.

ಆ ಸಂಜೆ ಎಲ್ಲರೂ ನನ್ನ ಆಸ್ತಿ ನೋಡಲು ಹೊರಟೆವು. ಮಾವನವರು ಕೆಳಗಿನ ಖೋಲಿಯ ಬಾಯಿಯ ಹತ್ತಿರ ನಿಂತು ಗೌಂಡಿಯನ್ನು ಕೇಳಿದರು: "ಮೆಟ್ಟಲ ಎಲ್ಲೆದಾವೋ?"

"ಮೆಟ್ಟಲ್ರಿ?" ಗೌಂಡಿ ತಲೆ ಕೆರೆದುಕೊಂಡ. "ಮಾಡ ಹೇಳಿದ್ರು, ಕಿಂಡಿ ಹೇಳಿದ್ರು, ಗೂಟ ಹೇಳಿದ್ರು. ಮೆಟ್ಟಲ ಯಾರೂ ಹೇಳಲಿಲ್ರಿ."

ಎಲ್ಲರೂ ನನ್ನ ಸೆರಗಿನ ಕಡೆ ನೋಡಿದರು. ಈರಪ್ಪನವರೇ ನನ್ನನ್ನು ಕಾಪಾಡಿದರು. "ಬ್ಯಾಡ್ರಿ, ಬ್ಯಾಡ್ರಿ! ಮೆಟ್ಟಲ ಕಟ್ಟಿದ್ರ ನನ್ನ ಬುಟ್ಟಿಗಳಿಗೆ ಜಾಗಾ ಎಲ್ಲಿ ಉಳೀತೈತಿ? ನಿಚ್ಚಣಿಕೀನs ಇರ್ಲಿ."

ನಿಚ್ಚಣಿಕೆಯೇ ಉಳಿಯಿತು. ಮಾವನವರು ಇಳಿದರು. ನಿಮ್ಮ ಅಜ್ಜ ಇಳಿದರು. ಅತ್ತೆ ಸೀರೆ ಎತ್ತಿ ಕಟ್ಟಿ, ಯಾರ ಮುಲಾಜೂ ಇಲ್ಲದೆ ಇಳಿದರು. ನೀಲವ್ವ ಕೂಡ ಇಳಿದಳು! ಅಷ್ಟು ಗಂಡಸರ ಎದುರಿಗೆ ನಿಚ್ಚಣಿಕೆ ಇಳಿಯುವುದು ನನ್ನಿಂದಾಗಲಿಲ್ಲ. ಮಾಲಕಳಾದ ನಾನು ಮೇಲೆ ನಿಂತು ಬಗ್ಗಿ ಕೇಳಿದೆ:

"ಹ್ಯಾಂಗೈತ್ರಿ ಅತ್ತಿ?"

"ತಂಪೈತಿ!"

ಈರಪ್ಪನವರಾದ ಮೇಲೆ ಅವರ ಮಗ ಅಲ್ಲಿ ಎಲೆ ಇಟ್ಟ. ನಿಚ್ಚಣಿಕೆ ಸವೆದು ಮತ್ತೊಂದು ಬಂತು. ನಾನು ಇಳಿಯಲೇ ಇಲ್ಲ. ನನ್ನ ಮೊದಲ ಆಸ್ತಿಯ ಬಗ್ಗೆ ಇಂದಿನವರೆಗೆ ನನಗೆ ಗೊತ್ತಿರುವುದು ಇಷ್ಟೇ: ಒಳಗೆ ತಂಪಾಗಿದೆಯಂತೆ.